ಬಡವರ ಊಟಿಯಲ್ಲಿ ಬೆವರಿದವಳು

ಹಾಸನಕ್ಕೆ ‘ಬಡವರ ಊಟಿ’ ಎಂದು ಹೆಸರಿಟ್ಟ ಪುಣ್ಯಾತ್ಮ ಗಂಡಸೇ ಇರಬೇಕು. ಇಲ್ಲವೇ ನಲವತ್ತರೊಳಗಿನ ಹೆಂಗಸು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರದ ಊರು ನಮ್ಮದು. ಧನುರ್ಮಾಸದಲ್ಲಿ ಹಾಲಿನವನು ಬಾಯಿ ತೆರೆದರೆ ಮಾತಿಗಿಂತ ಮೊದಲು ಹಬೆ ಬರುತ್ತದೆ. ಅಂಥ ಊರಿನಲ್ಲಿ, ಅಂಥ ತಿಂಗಳಲ್ಲಿ, ಬೆಳಗಿನ ಜಾವ ನೈಟಿ ತೊಯ್ದು ತೊಪ್ಪೆಯಾಗಿ ಎದ್ದು ಕೂತು ಫ್ಯಾನನ್ನು ಐದಕ್ಕೆ ತಿರುಗಿಸುವವಳು ನಾನು. ಪಕ್ಕದಲ್ಲಿ ನಮ್ಮ ಯಜಮಾನರು: ಮಂಕಿ ಕ್ಯಾಪು, ಸ್ವೆಟರು, ಕಾಲುಚೀಲ, ಎಲ್ಲದರ ಮೇಲೆ ಅವರ ತಾತನ ಕಂಬಳಿ. ಅವರಿರುವುದು ವಿದ್ಯುತ್ ಇಲಾಖೆಯಲ್ಲಿ. ಕರೆಂಟು ಹೋಯಿತೆಂದು ಊರೇ ಫೋನ್ ಮಾಡಿ ಬಯ್ಯುವ ಆ ಇಲಾಖೆಯಲ್ಲಿ, ತನ್ನ ಬೀದಿಯ ಕರೆಂಟು ಮಾತ್ರ ರಾತ್ರಿ ಹೊತ್ತು ಹೋಗಲಪ್ಪಾ ಎಂದು ಹಾಸನಾಂಬೆಗೆ ಹರಕೆ ಹೊತ್ತ ನೌಕರ ಇವರೊಬ್ಬರೇ. ಆ ತಾಯಿ ಬಾಗಿಲು ತೆರೆಯುವುದೇ ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ. ಅರ್ಜಿ ಇನ್ನೂ ವಿಚಾರಣೆಗೆ ಬಂದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಎಂಟನೇ ತರಗತಿಯ ಪುಸ್ತಕದಲ್ಲಿ ಹದಿಹರೆಯದ ಪಾಠವಿದೆ. ಮೀಸೆಗೆ, ಮೊಡವೆಗೆ, ಒಡೆದ ಗಂಟಲಿಗೆ ಧಾರಾಳವಾಗಿ ಜಾಗ ಕೊಟ್ಟವರು ‘ನಲವತ್ತೈದರಿಂದ ಐವತ್ತರ ವಯಸ್ಸಿಗೆ ಋತುಚಕ್ರ ನಿಲ್ಲುತ್ತದೆ, ಅದು ಋತುಬಂಧ’ ಎಂಬರ್ಥದ ಒಂದೆರಡು ಸಾಲಿನಲ್ಲಿ ನಮ್ಮ ವಿಷಯಕ್ಕೆ ಕೈತೊಳೆದುಕೊಂಡಿದ್ದಾರೆ. ನಾನೂ ವರ್ಷವರ್ಷ ಆ ಸಾಲು ಬಂದಾಗ ಗಂಟಲು ಸರಿಮಾಡಿಕೊಂಡು, ಹಿಂದಿನ ಬೆಂಚಿನ ಕಡೆ ಒಮ್ಮೆ ಕಣ್ಣು ಬಿಟ್ಟು, ಪುಟ ತಿರುಗಿಸಿಬಿಡುತ್ತಿದ್ದೆ. ಸುಶ್ರುತ ಸಂಹಿತೆಯೂ ಹನ್ನೆರಡಕ್ಕೆ ಶುರು, ಐವತ್ತಕ್ಕೆ ಮುಕ್ತಾಯ ಎಂದು ಅಷ್ಟರಲ್ಲೇ ಮುಗಿಸುತ್ತದೆ. ಸುಶ್ರುತನ ಕಾಲದಿಂದ ಸಿಲಬಸ್ ಬದಲಾಗಿಲ್ಲ.

ಆ ಒಂದೆರಡು ಸಾಲಿನ ಒಳಗೆ ಎಷ್ಟು ವರ್ಷದ ಕಾರ್ಯಕ್ರಮ ಅಡಗಿದೆ ಎನ್ನುವುದನ್ನು ನಾನು ಹುಡುಕಿ ಓದಿದ್ದು ಮೈಗೆ ಬಂದ ಮೇಲೆ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಲೆಕ್ಕ ಇಟ್ಟ ‘ಸ್ವಾನ್’ ಅಧ್ಯಯನದವರು 2015ರಲ್ಲಿ ಹೇಳಿದ ಪ್ರಕಾರ, ಪದೇ ಪದೇ ಧಗೆ ಏಳುವವರಲ್ಲಿ ಅದು ನಡೆಯುವ ಕಾಲದ ಮಧ್ಯಾಂಕ 7.4 ವರ್ಷ. ಇದನ್ನು ನಮ್ಮ ಅತ್ತೆಗೆ ಓದಿ ಹೇಳಿದೆ.

“ಏಳೂವರೆ ವರ್ಷ ಅಂದ್ರೆ ಶನಿಯೇ ಕಣಮ್ಮಿ. ಸಾಡೇಸಾತಿ ಎಷ್ಟು ದಿನ ಅಂತ ಕಂಡುಹಿಡಿಯೋಕೆ ಅಮೆರಿಕದೋರು ಇಷ್ಟು ದುಡ್ಡು ಖರ್ಚು ಮಾಡಿದ್ರಾ?” ಅಂದರು.

ಮೈಯಲ್ಲಿ ಏನಾಗುತ್ತದೆ ಎಂದು ಯಜಮಾನರಿಗೂ ವಿವರಿಸಿದೆ. ಈಸ್ಟ್ರೋಜೆನ್ ಇಳಿಯುತ್ತದೆ, ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎನ್ನುವುದೊಂದಿದೆ, ಮೈಬಿಸಿ ಕಾಯುವುದು ಅದರ ಕೆಲಸ, ಈಸ್ಟ್ರೋಜೆನ್ ಇಲ್ಲದೆ ಅದಕ್ಕೆ ತಾಳ್ಮೆ ತಪ್ಪಿ, ಬಿಸಿ ಎಳ್ಳಷ್ಟು ಏರಿದರೂ ಮನೆಗೆ ಬೆಂಕಿ ಬಿತ್ತೆಂದು ತಿಳಿದು ಚರ್ಮದ ರಕ್ತನಾಳಗಳನ್ನೆಲ್ಲ ಅಗಲಿಸಿ ಬೆವರು ಹರಿಸುತ್ತದೆ. ಅವರು ಕಂಬಳಿಯೊಳಗಿನಿಂದಲೇ ಯೋಚಿಸಿ, “ಅಂದರೆ ಫ್ಯೂಸಿಗೆ ತೀರಾ ತೆಳು ತಂತಿ ಹಾಕಿದ್ದಾರೆ, ಲೋಡೇ ಇಲ್ಲದೆ ಹಾರುತ್ತೆ” ಅಂದರು. ಪಾಠ ಅರ್ಥವಾದದ್ದು ನನಗೆ ಸಂತೋಷವೇ. ಅಷ್ಟಾದ ಮೇಲೂ ಅವರು ಫ್ಯಾನನ್ನು ಎರಡಕ್ಕೆ ಇಳಿಸಿದರು.

ಇಷ್ಟೆಲ್ಲ ತಿಳಿದವಳು ನೇರ ಡಾಕ್ಟರ ಹತ್ತಿರ ಹೋಗಬೇಕಿತ್ತು. ಆದರೆ ಯಜಮಾನರನ್ನು ಬಿಟ್ಟರೆ ವಿಷಯವನ್ನು ನಾನು ಅತ್ತೆಗೆ ಮಾತ್ರ ಹೇಳಿದ್ದೆ. ಅತ್ತೆ ಹೊಳೆನರಸೀಪುರದಲ್ಲಿರುವ ತಮ್ಮ ಮಗಳಿಗೆ ಮಾತ್ರ ಹೇಳಿದರು. ನಾದಿನಿ ಅರಕಲಗೂಡಿನ ತನ್ನ ಓರಗಿತ್ತಿಗೆ ಮಾತ್ರ ಹೇಳಿದಳು. ಚನ್ನರಾಯಪಟ್ಟಣದ ನನ್ನ ಚಿಕ್ಕಮ್ಮನಿಗೆ ಮಾತ್ರ ಯಾರು ಹೇಳಿದರೋ ಇವತ್ತಿಗೂ ಪತ್ತೆಯಾಗಿಲ್ಲ. ಒಟ್ಟಿನಲ್ಲಿ ಆ ವಾರ ಮುಗಿಯುವಷ್ಟರಲ್ಲಿ ನಾಲ್ಕು ತಾಲ್ಲೂಕಿನ ನಂಟರೂ ನನ್ನ ಕಾಯಿಲೆಗೆ ಒಮ್ಮತದಿಂದ ಹೆಸರಿಟ್ಟಿದ್ದರು: ಉಷ್ಣ.

ರೋಗ ಒಂದೇ, ಆದರೆ ಮದ್ದು ತಾಲ್ಲೂಕಿಗೊಂದು. ನಾನು ಕಂಡುಕೊಂಡ ಸತ್ಯವೆಂದರೆ, ಯಾರ ಹಿತ್ತಲಲ್ಲಿ ಯಾವುದು ಮಿಕ್ಕಿ ಹೋಗಿದೆಯೋ ಅದೇ ಅವರ ವೈದ್ಯಶಾಸ್ತ್ರ. ಪಟ್ಟಣದ ಚಿಕ್ಕಮ್ಮನಿಗೆ ತೆಂಗಿನ ತೋಟ. ಅವರ ಕಡೆ ಜ್ವರಕ್ಕೆ ಎಳನೀರು, ಜಗಳಕ್ಕೆ ಎಳನೀರು, ಎಳನೀರು ಕುಡಿದು ಶೀತವಾದರೆ ಅದಕ್ಕೆ ತೆಂಗಿನೆಣ್ಣೆ. ಓಮ್ನಿಯ ಹಿಂದಿನ ಸೀಟು ಮಡಿಸಿ ಗೊನೆಗೊನೆಯೇ ತಂದು ಇಳಿಸಿ, “ದಿನಾ ಖಾಲಿ ಹೊಟ್ಟೇಲಿ ಎರಡು, ರಾತ್ರಿ ಒಂದು” ಎಂದು ಮಚ್ಚನ್ನೂ ಬಿಟ್ಟು ಹೋದರು. ಯಜಮಾನರು ಬೆಳಗಿನ ಚಳಿಯಲ್ಲಿ ಮಂಕಿ ಕ್ಯಾಪು ಹಾಕಿ ಮಚ್ಚು ಹಿಡಿದು ಹಿತ್ತಲಲ್ಲಿ ನಿಂತದ್ದನ್ನು ಕಂಡು ಪಕ್ಕದ ಮನೆಯವರು ಎರಡು ದಿನ ನಮ್ಮ ಕಡೆಯ ಕಿಟಕಿ ತೆರೆಯಲಿಲ್ಲ. ಎಳನೀರಿನಿಂದ ಧಗೆ ಕಡಿಮೆಯಾಯಿತೇ ಅಂದರೆ, ರಾತ್ರಿ ಬೆವರಿ ಎಚ್ಚರವಾಗುವುದು ತಪ್ಪಿತು. ಅದಕ್ಕೂ ಮೊದಲೇ ಬಚ್ಚಲಿಗೆ ಹೋಗಲು ಎಚ್ಚರವಾಗಿರುತ್ತಿತ್ತು.

ನಾದಿನಿಯದು ಗದ್ದೆಯ ಊರು, ಹೇಮಾವತಿಯ ನೀರು. ಅವಳು ಬೇಲಿಯ ಬುಡ ಅಗೆದು ಮಜ್ಜಿಗೆ ಬೇರು ತೆಗೆದಳು. ಗ್ರಂಧಿಗೆ ಅಂಗಡಿಯಲ್ಲಿ ಇದನ್ನೇ ಶತಾವರಿ ಅಂತ ಪೊಟ್ಟಣ ಕಟ್ಟಿ ಕೊಡುತ್ತಾರೆ. ಬಾಣಂತಿಗೆ ಹಾಲಾಗಲೆಂದು ಕೊಡುವುದೂ ಇದನ್ನೇ, ಕರೆಯುವ ಎಮ್ಮೆಗೆ ತಿನ್ನಿಸುವುದೂ ಇದನ್ನೇ. ಇದಕ್ಕೆ ಇನ್ನೊಂದು ಹೆಸರು ಹಲವು ಮಕ್ಕಳ ತಾಯಿ ಬೇರು. ನಾದಿನಿ ಫೋನ್ ಮಾಡುವಾಗ ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಸ್ಪೀಕರಿಗೆ ಹಾಕಿದ್ದೆ. “ಅತ್ತಿಗೆ, ಹಲವು ಮಕ್ಕಳ ತಾಯಿ ಸಿಕ್ತು! ನಾಳೆ ಪ್ಯಾಸೆಂಜರ್ ಟ್ರೈನಲ್ಲಿ ಕಳಿಸ್ತೀನಿ. ಹಾಲಿಗೆ ಹಾಕ್ಕೊಂಡು ಕುಡೀರಿ, ಅಣ್ಣಂಗೂ ಒಂದು ಲೋಟ ಕೊಡಿ.” ಹಿಂದಿ ಮೇಡಂ ಕೆಂಪು ಪೆನ್ನು ಕೆಳಗಿಟ್ಟು, ಎದ್ದು ಬಂದು, ನನ್ನ ಕೈ ಹಿಡಿದು, “ಈ ವಯಸ್ಸಲ್ಲಿ ಹುಷಾರು ಮೇಡಂ” ಅಂದರು.

ಅರಕಲಗೂಡಿನ ಅಕ್ಕನ ಶಾಸ್ತ್ರ ಇದಕ್ಕೆ ತದ್ವಿರುದ್ಧ. ರಾಮನಾಥಪುರದ ಕಡೆ ಅವರ ಹೊಲ. ಒಂದು ಕಡೆ ಶುಂಠಿ, ಒಂದು ಕಡೆ ಹೊಗೆಸೊಪ್ಪು. ಉಷ್ಣಕ್ಕೆ ಉಷ್ಣವೇ ಆಗಬೇಕು ಎಂದು ಹಸಿಶುಂಠಿ, ಮೆಣಸು, ಜೀರಿಗೆ ಜಜ್ಜಿದ ಕಷಾಯ ಹೇಳಿದರು. ನಾನು ಬೆಳಿಗ್ಗೆ ಪಟ್ಟಣದ ತಂಪು, ಸಂಜೆ ಅರಕಲಗೂಡಿನ ಬಿಸಿ ಕುಡಿದು, ಇಡೀ ಜಿಲ್ಲೆಯ ಸೌಹಾರ್ದವನ್ನು ಹೊಟ್ಟೆಯಲ್ಲಿ ಕಾಪಾಡಿಕೊಂಡೆ. ಹೊಟ್ಟೆ ಅದನ್ನು ಒಪ್ಪಲಿಲ್ಲ ಎನ್ನುವುದು ಬೇರೆ ಮಾತು.

ಆದರೆ ಆ ಅಕ್ಕನ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಅವರ ಮನೆಗೆ ಹೋಗಿದ್ದೆ. ಸೊಪ್ಪು ಬೇಯಿಸುವ ಮನೆಗೆ ಬ್ಯಾರನ್ ಅನ್ನುತ್ತಾರೆ. ಅದರೊಳಗೆ ಸೊಪ್ಪು ಕಟ್ಟಿದ ಕೋಲುಗಳು ಸಾಲುಸಾಲಾಗಿ ನೇತಾಡುತ್ತವೆ. ಹೊರಗಿನ ಒಲೆಗೆ ಹಗಲು ರಾತ್ರಿ ಸೌದೆ ಒಟ್ಟುತ್ತಾ, ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ ನೋಡುತ್ತಾ, ದಿನಕ್ಕಿಷ್ಟೆಂದು ಬಿಸಿ ಏರಿಸುತ್ತಾ ಹೋಗಿ ಕೊನೆಗೆ ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತರಬೇಕು. ಒಂದು ರಾತ್ರಿ ಬಿಸಿ ಹೆಚ್ಚುಕಡಿಮೆಯಾದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ದರ ಬೀಳುತ್ತದೆ. ರಾತ್ರಿ ಪಾಳಿ ಅಕ್ಕನದು. ನನಗಿಂತ ನಾಲ್ಕು ವರ್ಷ ದೊಡ್ಡವರು, ಹಾಗಾಗಿ ಕೇಳಿದೆ: “ಅಕ್ಕಾ, ನಿಮಗೆ ಈ ಧಗೆಗಿಗೆ ಎಲ್ಲ ಬಂತಾ?”

“ಬಂದಿರಬೋದು ಕಣೇ. ಬ್ಯಾರನ್ ಮುಂದೆ ಕೂತೋಳಿಗೆ ಬಿಸಿ ಒಳಗಿಂದ ಬಂತೋ ಹೊರಗಿಂದ ಬಂತೋ ಯಾರಿಗೆ ಗೊತ್ತು? ಸೌದೆ ಹಾಕಿ ಮಲಗ್ದೆ.”

ಮನೆಗೆ ಬಂದು ಅವತ್ತೊಂದು ರಾತ್ರಿ ನಾನು ಫ್ಯಾನ್ ಹಾಕಲಿಲ್ಲ. ಯಜಮಾನರು ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು.

ಹೆಂಗಸರೆಲ್ಲ ಇಷ್ಟು ಮಾಡುವಾಗ ತಾನೊಬ್ಬ ಸುಮ್ಮನಿದ್ದರೆ ಏನೆಂದುಕೊಂಡಾರು ಎಂದು ಅವರಿಗೂ ಅನ್ನಿಸಿರಬೇಕು. ಸಂಜೆ ನಡಿಗೆಯ ಗೆಳೆಯರ ಸಭೆಯಲ್ಲಿ ನನ್ನ ಹೆಸರೆತ್ತದೆ “ಪರಿಚಯದವರೊಬ್ಬರಿಗೆ” ಎಂದು ವಿಚಾರಿಸಿ, ಅಶೋಕದ ತೊಗಟೆ ಒಳ್ಳೆಯದೆಂದು ತಿಳಿದುಕೊಂಡು, ಅವರ ಆಫೀಸಿನ ಕಾಂಪೌಂಡಿಗೆ ಒತ್ತಿ ನಿಂತಿರುವ ಅಶೋಕ ಮರಗಳಲ್ಲಿ ಒಂದರಿಂದ ತೊಗಟೆ ಕೆತ್ತಿ, ಟಿಫನ್ ಡಬ್ಬಿಯಲ್ಲಿ ತುಂಬಿ ತಂದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ನನಗಾಗಿ ಕಾನೂನು ಮೀರಿದ್ದು ಅದೊಂದೇ ಸಲ. ಅದಕ್ಕೇ ಹೇಳಲು ಮನಸ್ಸು ಬರಲಿಲ್ಲ. ಆದರೂ ವಿಜ್ಞಾನದವಳು, ಹೇಳಿದೆ. ಕಂಬ ನೆಟ್ಟಂತೆ ನೆಟ್ಟಗೆ ಬೆಳೆದು ಎಲೆ ಜೋತುಬಿಡುವ ಆ ಮರ ಸೀತೆ ಕೂತ ಅಶೋಕವಲ್ಲ. ಸೀತೆಯದು ಗೊಂಚಲು ಗೊಂಚಲಾಗಿ ಕಿತ್ತಳೆ-ಕೆಂಪು ಹೂ ಬಿಡುವ ಸರಾಕ ಅಸೋಕ. ಕಾಡಿನಲ್ಲಿ ಕಡಿಮೆಯಾಗುತ್ತ ಬಂದು ಅಪಾಯದ ಅಂಚಿನ ಪಟ್ಟಿಗೆ ಸೇರಿದೆ. ಈ ಕಾಂಪೌಂಡ್ ಅಶೋಕದ ತೊಗಟೆಯನ್ನು ಅದರ ಹೆಸರಲ್ಲಿ ಬೆರೆಸಿ ಮಾರುವವರು ಪೇಟೆಯಲ್ಲೇ ಇದ್ದಾರೆ. ನೀವು ಪುಕ್ಕಟೆ ತಂದಿರಲ್ಲ, ನಷ್ಟವೇನಿಲ್ಲ ಎಂದು ಯಜಮಾನರಿಗೆ ಸಮಾಧಾನ ಹೇಳಿದೆ.

ಮರುದಿನ ನಾನೇ ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋದಾಗ ಅಶೋಕಾರಿಷ್ಟದ ಬಾಟಲಿ ತಂದೆ. ನಮ್ಮದು ಹೆಂಡದ ವಾಸನೆ ಬಂದರೆ ಬೀದಿ ದಾಟುವ ಮನೆ. ಅತ್ತೆಗಂತೂ ಶ್ರಾವಣ ಶನಿವಾರ, ಏಕಾದಶಿ ಎಲ್ಲ ಕಟ್ಟುನಿಟ್ಟು. ಬಾಟಲಿಯ ಚೀಟಿಯಲ್ಲಿ ಅದರಲ್ಲೇ ಹುಟ್ಟಿದ ಮದ್ಯಸಾರ ಶೇ. 5ರಿಂದ 10 ಎಂದು ಇರುವೆ ಗಾತ್ರದಲ್ಲಿ ಅಚ್ಚು ಹಾಕಿರುತ್ತಾರೆ. ಬೆಲ್ಲ, ಧಾತಕಿ ಹೂ ಹಾಕಿ ಕಳಿಯಿಸಿದ ಮೇಲೆ ಆಗುವುದು ಅದೇ ತಾನೆ. ಮಕ್ಕಳಿಗೆ ಹುದುಗುವಿಕೆ ಹೇಳಿಕೊಡುವವಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಊಟವಾದ ಮೇಲೆ ಒಂದಳತೆ ಅರಿಷ್ಟ, ಅಷ್ಟೇ ನೀರು. ಮೂರನೆಯ ದಿನಕ್ಕೆ ನನ್ನ ಸ್ವಭಾವ ಸುಧಾರಿಸಿದೆ ಎಂದು ಮನೆಯಲ್ಲಿ ಮಾತಾಯಿತು. ಅತ್ತೆ, “ನಂಗೂ ಮಂಡಿ ನೋವು, ಒಂಚೂರು ಹಾಕು” ಅಂದರು. ಅಲ್ಲಿಂದ ಮುಂದೆ ಸೀರಿಯಲ್ ಮುಗಿದ ಕೂಡಲೇ ಅತ್ತೆ ಸೊಸೆ ಎರಡು ಸ್ಟೀಲ್ ಲೋಟ ಹಿಡಿದು ಕೂರುವುದು, ಹಳೆಯ ಜಗಳಗಳನ್ನೆಲ್ಲ ಒಂದೊಂದಾಗಿ ತೆಗೆದು ನಗುವುದು ನಡೆಯಿತು. ಅಳತೆಯ ಮುಚ್ಚಳ ಯಾವಾಗ ಕಳೆದುಹೋಯಿತೋ ಗೊತ್ತಿಲ್ಲ. ಒಂದು ರಾತ್ರಿ ಅತ್ತೆ, ನನ್ನ ಮದುವೆಯಲ್ಲಿ ನಮ್ಮ ಕಡೆಯವರು ಕೊಟ್ಟ ಪಾತ್ರೆಗಳ ವಿಷಯದಲ್ಲಿ ತಾವು ಮಾತಾಡಿದ್ದು ಜಾಸ್ತಿಯಾಯಿತೆಂದು ಕ್ಷಮೆ ಕೇಳಿದರು. ಆಗಲೇ ನನಗೆ ಮದ್ದಿನ ಪ್ರಮಾಣ ಮೀರಿದೆ ಎಂದು ಅನುಮಾನ ಬಂದದ್ದು.

ನ್ಯೂಜೆರ್ಸಿಯಲ್ಲಿರುವ ಯಜಮಾನರ ಅಣ್ಣನ ಸೊಸೆಗೂ ಸುದ್ದಿ ಮುಟ್ಟಿ, ಬಂದವರ ಕೈಲಿ ಬ್ಲ್ಯಾಕ್ ಕೊಹಾಶ್ ಎಂಬ ಗುಳಿಗೆ ಡಬ್ಬಿ ಬಂತು. ಅಲ್ಲಿಯ ಕಾಡಿನ ಬೇರಂತೆ. ಅಂದರೆ ಅಮೆರಿಕದ ನಾದಿನಿಯರೂ ಬೇಲಿ ಅಗೆಯುವವರೇ. ಜೊತೆಗೆ ಅಗಸೆ ಬೀಜ ತಿನ್ನಿ ಎಂದು ಚೀಟಿ. ಅಗಸೆ ನಮಗೇನು ಹೊಸದಲ್ಲ, ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಂಡೆ. ಆಮೇಲೆ ಓದಿದೆ: ಅಲ್ಲಿಯದೇ ಒಂದು ಪರೀಕ್ಷೆಯಲ್ಲಿ 188 ಹೆಂಗಸರನ್ನು ಎರಡು ಗುಂಪು ಮಾಡಿ, ಆರು ವಾರ ಒಂದು ಗುಂಪಿಗೆ ಅಗಸೆಯ ಬಾರು, ಇನ್ನೊಂದಕ್ಕೆ ಅಗಸೆ ಇಲ್ಲದ ಬಾರು ಕೊಟ್ಟರಂತೆ. ಎರಡೂ ಗುಂಪಿನಲ್ಲಿ ಮೂರರಲ್ಲೊಬ್ಬಳಿಗೆ ಧಗೆ ಅರ್ಧಕ್ಕೆ ಇಳಿಯಿತಂತೆ. ಇದನ್ನು ನಾನು ಪಟ್ಟಣದ ಚಿಕ್ಕಮ್ಮನಿಗೆ ಹೇಳಿದಾಗ ಅವರು ಗೆದ್ದ ಧ್ವನಿಯಲ್ಲಿ, “ನೋಡ್ದಾ, ಏನು ಕೊಟ್ರೂ ಕೇಳುತ್ತೆ. ಅಂದ್ಮೇಲೆ ಎಳನೀರಿಗೇನು ಬಂತು ರೋಗ?” ಅಂದರು. ಇದಕ್ಕೆ ಉತ್ತರ ನನಗಿನ್ನೂ ಹೊಳೆದಿಲ್ಲ.

ಕೊನೆಗೆ ಅಡುಗೆಮನೆಯಲ್ಲಿ ಸಾರಿನ ಪುಡಿಯ ಡಬ್ಬಿಗೂ ಈ ಮದ್ದುಗಳ ಜೊತೆ ಸೇರಿಕೊಂಡಿದ್ದ ಅಶ್ವಗಂಧದ ಡಬ್ಬಿಗೂ ವ್ಯತ್ಯಾಸ ತಿಳಿಯದೆ ಯಜಮಾನರು ಒಂದು ಭಾನುವಾರ ಅಶ್ವಗಂಧದ ಸಾರು ಮಾಡಿದ ಮೇಲೆ, ನನ್ನನ್ನು ಆಯುರ್ವೇದ ಓದಿದ ಡಾಕ್ಟರಮ್ಮ ಒಬ್ಬರ ಬಳಿ ಕರೆದುಕೊಂಡು ಹೋದರು. ಹಾಸನದಲ್ಲಿ ಆಯುರ್ವೇದದ ವೈದ್ಯರಿಗೆ ಬರವಿಲ್ಲ. ಧರ್ಮಸ್ಥಳದವರ ಆಯುರ್ವೇದ ಕಾಲೇಜೇ ಇಲ್ಲಿದೆ, ಅದೂ ತಣ್ಣೀರುಹಳ್ಳದಲ್ಲಿ. ಧಗೆಯವರಿಗೆ ವಿಳಾಸ ಓದಿದರೇ ಅರ್ಧ ಗುಣ. ನಾನು ಚೀಲದಿಂದ ನನ್ನ ಔಷಧಾಲಯವನ್ನು ಒಂದೊಂದಾಗಿ ಮೇಜಿನ ಮೇಲಿಟ್ಟೆ. ಡಾಕ್ಟರಮ್ಮ ಮೊದಲು ಅರಿಷ್ಟದ ಬಾಟಲಿ ಎತ್ತಿಕೊಂಡರು.

“ಇದನ್ನ ಯಾಕೆ ತಗೊಂಡ್ರಿ?”

“ಉಷ್ಣಕ್ಕೆ.”

“ಇದು ಮುಖ್ಯವಾಗಿ ಅತಿಸ್ರಾವಕ್ಕೆ ಕೊಡೋದು. ನಿಮಗೆ ನಿಂತು ಎಷ್ಟಾಯ್ತು?”

“ವರ್ಷ ಕಳೀತು.”

“ನಿಂತಿರೋದನ್ನ ನಿಲ್ಲಿಸೋಕೆ ಇಷ್ಟು ದುಡ್ಡು ಯಾಕಮ್ಮ?”

ಆಮೇಲೆ ನಗು ಬಿಟ್ಟು ಹೇಳಿದರು. ಗಿಡಮೂಲಿಕೆ ಅಂದಮಾತ್ರಕ್ಕೆ ಸಾಧು ಅಂದುಕೊಳ್ಳಬಾರದು; ಬ್ಲ್ಯಾಕ್ ಕೊಹಾಶ್ ತಿಂದೂ ಅಶ್ವಗಂಧ ತಿಂದೂ ಪಿತ್ತಜನಕಾಂಗ ಕೆಟ್ಟ ಪ್ರಕರಣಗಳು ವರದಿಯಾಗಿವೆ; ಥೈರಾಯ್ಡ್ ಮಾತ್ರೆ ನುಂಗುವ ನಾನು ಅಶ್ವಗಂಧವನ್ನು ಕೇಳದೆ ಮುಟ್ಟಲೇಬಾರದಿತ್ತು. ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ಕಾಣಿಸಿಕೊಂಡರೂ ಕಷಾಯ ಕಾಯಿಸುತ್ತ ಕೂರದೆ ಹೆಂಗಸರ ಡಾಕ್ಟರ ಹತ್ತಿರ ಓಡಬೇಕು. ಮೂಳೆಗೆ ರಾಗಿ ಒಳ್ಳೆಯದು, ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮುದ್ದೆ ಬಿಡಬೇಡಿ ಅಂದರು. ಹಾಸನದವರಿಗೆ ಮುದ್ದೆ ಬಿಡಬೇಡಿ ಎಂದು ಹೇಳಲು ಐದೂವರೆ ವರ್ಷ ಓದಬೇಕಾಗಿರಲಿಲ್ಲ. ಆದರೆ ಮುಂದಿನ ಮಾತಿಗೆ ನನ್ನ ಜೀವ ಹಾರಿತು. “ದಿನಕ್ಕೆ ಎಷ್ಟು ಕಾಫಿ?” ಸಕಲೇಶಪುರ ನಮ್ಮ ಜಿಲ್ಲೆಯಲ್ಲೇ ಇರುವಾಗ ಇದೊಂದು ಪ್ರಶ್ನೆಯೇ? ಪ್ರತಿ ಕಷಾಯದ ಕಹಿ ಹೋಗಲೆಂದು ಒಂದೊಂದು ಲೋಟ ಸ್ಟ್ರಾಂಗ್ ಕಾಫಿ. ಕಷಾಯ ಹೆಚ್ಚಾದಂತೆ ಅದೂ ಹೆಚ್ಚಾಗಿತ್ತು. ಹಲವರಿಗೆ ಧಗೆ ಏರಿಸುವುದರಲ್ಲಿ ಬಿಸಿಬಿಸಿ ಕಾಫಿಯೂ ಒಂದು, ಖಾರವೂ ಒಂದು, ಮದ್ಯವೂ ಒಂದು ಎಂದರು. ಯಜಮಾನರು ನನ್ನತ್ತ ನೋಡದೆ ಸೀಲಿಂಗ್ ಫ್ಯಾನಿನತ್ತ ನೋಡಿದರು.

ತೀರಾ ತಡೆಯಲಾಗದಿದ್ದರೆ ಹಾರ್ಮೋನಿನ ಮಾತ್ರೆ ಇದೆ, ಧಗೆಗೆ ಅದರಷ್ಟು ನಾಟುವುದು ಬೇರೊಂದಿಲ್ಲ, ಆದರೆ ಎಲ್ಲರಿಗೂ ಆಗಿಬರುವುದಿಲ್ಲ, ಪರೀಕ್ಷೆ ಮಾಡಿಸಿ ಹೆಂಗಸರ ಡಾಕ್ಟರೇ ಕೊಡಬೇಕು ಎಂದೂ ಹೇಳಿ ಕಳಿಸಿದರು. ಇದನ್ನು ಕೇಳಿ ಅತ್ತೆ ಕೆರಳಿದರು. ಅವರ ಪ್ರಕಾರ ಮಾತ್ರೆ ಎಲ್ಲ ಕೆಮಿಕಲ್ಲು. ಅದಕ್ಕಿಂತ ನಾಟಿ ಹಸುವಿನ ಗಂಜಲ ಮೇಲು. ನನ್ನ ಓದು ಇಲ್ಲಿ ಉಪಯೋಗಕ್ಕೆ ಬಂತು. ಈ ಹಾರ್ಮೋನ್ ಮಾತ್ರೆಗಳಲ್ಲಿ ಹೆಸರುವಾಸಿಯಾದ ಪ್ರೆಮರಿನ್ ಅಮೆರಿಕದ ಪೇಟೆಗೆ ಬಂದದ್ದು 1942ರಲ್ಲಿ. ಅದನ್ನು ತೆಗೆಯುವುದು ಗಬ್ಬದ ಕುದುರೆಯ ಗಂಜಲದಿಂದ. ಅತ್ತೆ ಬಹಳ ಹೊತ್ತು ಯೋಚಿಸಿದರು. “ಕುದುರೇದಾ?” ಅಂದರು. “ಮತ್ತೆ ನಾನು ಹೇಳಿದ್ದೇನು? ಪ್ರಾಣಿ ತಪ್ಪಿತ್ತು, ಅಷ್ಟೇ ತಾನೆ.”

ನಾನು ಡಬ್ಬಿಗಳನ್ನು ಖಾಲಿ ಮಾಡಿದೆ. ಶತಾವರಿ ಪುಡಿ ಹಾಲಿನವನ ಎಮ್ಮೆಗೆ ಹೋಯಿತು, ಅದು ಬೇಸರಪಡಲಿಲ್ಲ. ಕಾಫಿ ಎರಡು ಲೋಟಕ್ಕೆ ಇಳಿದು ನಿಂತಿದೆ, ಇನ್ನು ಇಳಿದರೆ ಸಂಸಾರ ನಡೆಯುವುದಿಲ್ಲ. ಧಗೆ ಬರುತ್ತದೆ, ಹೋಗುತ್ತದೆ. ಫ್ಯಾನಿಗೆ ಮೂರು ಎಂದು ರಾಜಿಯಾಗಿದೆ. ಅರಿಷ್ಟವಿಲ್ಲದ ಒಂದು ಸಂಜೆ ಅತ್ತೆಯ ಪಕ್ಕ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಕೇಳಿದೆ. “ಅಲ್ಲಾ ಅತ್ತೆ, ಊರೋರೆಲ್ಲ ಒಂದೊಂದು ಹೇಳಿದ್ರು. ನಿಮ್ಮ ಕಾಲಕ್ಕೆ ನೀವು ಏನು ತಗೊಂಡ್ರಿ?”

“ಏನೂ ತಗಳ್ಳಿಲ್ಲ ಕಣಮ್ಮಿ. ತಂದ್ಕಂಡೆ.”

“ಏನನ್ನ?”

“ನಿನ್ನ.”

ಅವರ ಕೈ ಕಾಳು ಬಿಡಿಸುತ್ತಲೇ ಇತ್ತು. “ಸೌದೆ ಒಲೆ ಮುಂದೆ ನಿಲ್ಲಾಕೆ ಆಯ್ತಿರ್ಲಿಲ್ಲ. ಮೈಯೆಲ್ಲ ಉರಿ. ನಿಮ್ಮಾವಂಗೆ ಹೇಳ್ದೆ, ಮಗನಿಗೆ ಈ ವೈಶಾಖದಲ್ಲೇ ಮದುವೆ ಮಾಡ್ರಿ ಅಂತ. ನೀನು ಬಂದೆ, ಒಲೆ ನಿನ್ನ ಕೈಗೆ ಕೊಟ್ಟೆ. ನಾನು ಜಗುಲೀಲಿ ಗಾಳಿಗೆ ಕೂತೆ. ವಾಸಿಯಾಯ್ತು.”

ಇಷ್ಟು ವರ್ಷ ನಾನು, ನನ್ನ ಬಿಎಸ್ಸಿ ಬಿಇಡಿ ನೋಡಿ ಒಪ್ಪಿದರು ಎಂದುಕೊಂಡಿದ್ದೆ. ಬಂದ ವಾರವೇ ಅಡುಗೆಮನೆ ಪೂರಾ ಬಿಟ್ಟುಕೊಟ್ಟದ್ದನ್ನು ದೊಡ್ಡಗುಣ ಎಂದು ತೌರಿಗೆ ಕಾಗದ ಬರೆದಿದ್ದೆ.

ಒಳಗೆ ಹೋಗಿ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದೆ. ಆಚೆಈಚೆ ಮಾತಾಡಿ, ಈ ವೈಶಾಖದಲ್ಲಿ ನಿನಗೊಂದು ಹೆಣ್ಣು ನೋಡೋಣವೇನೋ ಎಂದೆ.

“ನೋಡಿ ಆಗಿದೆಯಮ್ಮಾ, ನಾನೇ ಹೇಳಬೇಕು ಅಂತಿದ್ದೆ” ಅಂದ. “ಅವಳ ಅಮ್ಮನಿಗೂ ಈಗ ನಿಂಥರಾನೇ ಧಗೆಯಂತೆ, ಒಲೆ ಮುಂದೆ ನಿಲ್ಲೋಕಾಗಲ್ವಂತೆ. ನನಗೆ ಅಡುಗೆ ಬರುತ್ತೆ ಅಂತ ಕೇಳಿ ಅವರಿಗೆ ತುಂಬ ಖುಷಿಯಾಗಿದೆ. ಮದುವೆಯಾದ ಮೇಲೆ ಅವರ ಮನೇಲೇ ಇರಬೇಕಂತೆ.”